ಹೊರಗಿನ ಬಂಡವಾಳ

ಶುಕ್ರವಾರ ನಾನು ಕೂರುವುದು ಕೆಳಗಿನ ಸಾಲಿನಲ್ಲಿ,
ಮೊಯ್ದುವಿನ ಮೀನಿಗೂ ಪಳನಿಯ ಕೊಡೆ ರಿಪೇರಿಗೂ ನಡುವೆ.
ಕಾಚಂಪುಳಿ, ಗಾಂಧಾರಿ ಮೆಣಸು, ಸಿಕ್ಕಿದ ವಾರ ಜೇನು.
ಆ ವಾರ ಏಳು ಗಂಟೆಗೇ ಮಂಜಿನೊಳಗಿಂದ
ಹಳದಿ ಅಂಗಿಯ ಹನ್ನೆರಡು ಮಂದಿ ಇಳಿದು ಬಂದರು,
ಹಿಂದೆ ಕ್ಯಾಮರಾ, ಕ್ಯಾಮರಾದ ಹಿಂದೆ ವಯರು ಹೊತ್ತ ಹುಡುಗ,
ಅವನ ಹಿಂದೆ ಮಡಿಕೇರಿಯ ಅಷ್ಟೂ ನಾಯಿಗಳು.

'ಮೂಲಧನ', ಸೀಸನ್ ಮೂರು.
ತಲೆಗೆ ಐನೂರು ರೂಪಾಯಿ.
ಈ ಊರಲ್ಲೇ ಕೊಳ್ಳಬೇಕು, ಈ ಸಂತೆಯಲ್ಲೇ ಮಾರಬೇಕು,
ಐದಕ್ಕೆ ಗಂಟೆ. ಕಡಿಮೆ ಮಾಡಿದವರು ಮನೆಗೆ.
ಇಷ್ಟೇನಾ, ಎಂದ ಮೊಯ್ದು.
ನಾವು ಮೂವತ್ತು ವರ್ಷದಿಂದ ಇದನ್ನೇ ಆಡುತ್ತಿಲ್ಲವಾ,
ಒಬ್ಬನೂ ಬಂದು ಲೈಟು ಹಿಡಿಯಲಿಲ್ಲ.

ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತವಳು
ಗದಗಿನ ಹುಡುಗಿ, ಶರ್ವಾಣಿ.
ಕಾಚಂಪುಳಿ ಬೆರಳಿಗೆ ಹಚ್ಚಿ ನೆಕ್ಕಿ ಒಂದು ಕಣ್ಣು ಮುಚ್ಚಿದಳು.
"ಅಯ್ಯ ಶಿವನ! ಇದನ್ನ ಯಾವುದಕ್ಕ ಹಾಕ್ತೀರಿ ಅಕ್ಕಾರ?"
ಹಂದಿಗೆ, ಮೀನಿಗೆ, ಎಂದೆ.
"ಕಿಲೋಕ್ಕ ಎಷ್ಟು?"
ದೊಡ್ಡ ಚಮಚದಲ್ಲಿ ಒಂದು.
ಆಮೇಲೆ ನಾನು ಹೇಳಿದ್ದೇನೂ ಅವಳಿಗೆ ಕೇಳಿಸಲಿಲ್ಲ,
ತುಟಿ ಅಲ್ಲಾಡಿಸುತ್ತ ಏನನ್ನೋ ಗುಣಿಸುತ್ತಿದ್ದಳು.

ಎರಡು ಬಾಟಲಿ, ನಾನೂರು. ಚೌಕಾಸಿಯಿಲ್ಲ.
ಚೌಕಾಸಿ ಮಾಡದವರನ್ನು ಕಂಡರೆ ನನಗೆ ಹೆದರಿಕೆ.
ಉಳಿದ ನೂರಕ್ಕೆ ಹೋಮಿಯೋಪತಿ ಡಾಕ್ಟರಲ್ಲಿಗೆ ಓಡಿ
ಗುಳಿಗೆ ತುಂಬುವ ಖಾಲಿ ಶೀಶೆ ತಂದಳು, ತೊಂಬತ್ತು.
ಮೊಯ್ದುವಿನ ತಕ್ಕಡಿಗೆ ಆತುಕೊಂಡು ನಿಂತು
"ಮೀನಿಗೊಂದು ಶೀಶೆ, ಇಪ್ಪತ್ತ ರೂಪಾಯಿ!"
ವರ್ಷಕ್ಕಾಗುವಷ್ಟು ಮನೆಯಲ್ಲೇ ಕಾಯಿಸಿಡುವವರು ನಕ್ಕರು.
ಬಾಡಿಗೆ ಮನೆಯವರು, ಹೋಂಸ್ಟೇ ಗಿರಾಕಿಗಳು,
ಪೊಲೀಸ್ ಕ್ವಾರ್ಟರ್ಸಿನ ಹೆಂಗಸರು
ನಗಲಿಲ್ಲ, ಕೊಂಡರು.

ಹನ್ನೊಂದಕ್ಕೆ ಅವಳ ಕೈಯಲ್ಲಿ ಬರೀ ದೊಡ್ಡ ನೋಟು.
"ಅಕ್ಕಾರ, ಚಿಲ್ರೆ ಅದಾವೇನ್ರಿ?"
ಎಲೆಯಡಿಕೆ ಚೀಲದಿಂದ ಅರವತ್ತು ಎಣಿಸಿ ಕೊಟ್ಟೆ.
ಮೂರಕ್ಕೆ ತಿರುಗಿ ಬಂತು, ಜೊತೆಗೆ
ಅರ್ಧ ಕಿತ್ತಳೆ.

ಟಿವಿಯಲ್ಲಿ ಬಂದದ್ದು ಎರಡು ತಿಂಗಳ ಮೇಲೆ.
ಮೊಯ್ದುವಿನ ಅಳಿಯನ ಮೊಬೈಲಂಗಡಿಯಲ್ಲಿ ನಿಂತು ನೋಡಿದೆವು.
ಮೊದಲು ಗೆದ್ದವನನ್ನು ತೋರಿಸಿದರು:
ಬಾಡಿಗೆಯ ಕುಪ್ಯ ಚೇಲೆ ತೊಟ್ಟು, ಪೀಚೆಕತ್ತಿ ತಪ್ಪು ಕಡೆ ಸಿಕ್ಕಿಸಿ,
ಪ್ರವಾಸಿಗಳ ಜೊತೆ ಫೋಟೋಕ್ಕೆ ನಿಂತು
ಸಾವಿರದ ನೂರು ಸಂಪಾದಿಸಿದ ಹುಡುಗ.
ಆಮೇಲೆ ಡೋಲು ಬಡಿಯಿತು,
ಪರದೆ ತುಂಬ ಒಂದು ಕೈ.
ನಿಧಾನವಾಗಿ, ಇನ್ನೂ ನಿಧಾನವಾಗಿ ನಾಣ್ಯ ಬೀಳುತ್ತಿತ್ತು.
ಉಗುರಿನ ಸಂದಿಯ ಕಪ್ಪಿನಿಂದ ಗುರುತು ಸಿಕ್ಕಿತು.
ನನ್ನದು.

"ಹೊರಗಿನ ಬಂಡವಾಳ," ಎಂದ ಕರಿಕೋಟಿನವನು,
"ನಿಯಮ ಹನ್ನೆರಡು."
ಅವಳ ಸಾವಿರದ ಎಂಟುನೂರು ಸೊನ್ನೆಯಾಯಿತು.
ಮೂರು ಗಂಟೆಯದನ್ನು ಅವರು ತೋರಿಸಲೇ ಇಲ್ಲ.
ಅವಳು ಅಳಲಿಲ್ಲ. ಕೊರಳಿನ ಮೈಕು ಬಿಚ್ಚಿ
ವಯರು ಸಿಕ್ಕಾಗದಂತೆ ಸುತ್ತಿ
ಆ ಹುಡುಗನ ಕೈಗೆ ಕೊಟ್ಟಳು.

ವಾಪಸು ಬರುವಾಗ ಯಾರೂ ಮಾತಾಡಲಿಲ್ಲ.
ಮೊಯ್ದುವಿನ ಐಸು ಕೋಳಿಯಂಗಡಿಯದು,
ನನ್ನ ತೂಕದ ಬಟ್ಟು ಮೊಯ್ದುವಿನದು,
ಪಳನಿ ಕೂರುವ ಪೆಟ್ಟಿಗೆ ಯಾರದೆಂದು
ಪಳನಿಗೇ ಮರೆತಿದೆ.
ಗಣಪತಿ ಗುಡಿಯ ತಿರುವಿನಲ್ಲಿ ಮೊಯ್ದು ಒಮ್ಮೆಲೇ
"ಹಾಗಾದರೆ ನಮ್ಮನ್ನು ಯಾವ ವಾರ ತೆಗೆಯುತ್ತಾರೆ ಬೊಳ್ಳಮ್ಮ?"
ಎಂದು ನಕ್ಕ. ನನಗೆ ನಗು ಬರಲಿಲ್ಲ,
ನನ್ನ ಅರವತ್ತು ರೂಪಾಯಿ
ಒಬ್ಬಳನ್ನು ಗದಗಿನ ಬಸ್ಸು ಹತ್ತಿಸಿತ್ತು.

ಈಗ ನಾನೂ ಶೀಶೆಯಲ್ಲಿ ಮಾರುತ್ತೇನೆ,
ಮೀನಿಗೊಂದು, ಇಪ್ಪತ್ತು.
ಬಾಟಲಿಗಿಂತ ಬೇಗ ಖರ್ಚು.
ಈ ಉಪಾಯಕ್ಕೆ ನಾನು ಕೊಟ್ಟದ್ದೇನೂ ಇಲ್ಲ,
ಅವಳ ನಂಬರೂ ಇಲ್ಲ.
ಹೋದ ವಾರ ಯಾರೋ ನಿಂತು ಕೇಳಿದರು,
ನೀವು ಟಿವಿಯಲ್ಲಿ ಬಂದವರಲ್ಲವಾ?
ಇಲ್ಲ, ಎಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.
ಆಮೇಲೆ ಚಿಲ್ಲರೆ ಕೊಡಲು
ತೆಗೆಯಲೇಬೇಕಾಯಿತು.